ಬಾಳೆಲೆಯ ಪಲ್ಪರ್ ಮೋಟರಿಗೆ ಡ್ರೈವ್ ಹಾಕಿದ್ದು

ಸುಂಟಿಕೊಪ್ಪದ ಮೋಟರ್ ರಿಪೇರಿ ಅಂಗಡಿಯನ್ನು ಮಗಳಿಗೆ ಬಿಟ್ಟು ನಾನು ಮನೆಯಲ್ಲಿ ಕೂತಿದ್ದೇನೆ ಎಂದು ಊರವರು ತಿಳಿದಿದ್ದಾರೆ. ಕೂತಿರುವುದೆಲ್ಲಿ? ಬೆಳಿಗ್ಗೆ ಕಾಫಿ ಕುಡಿದು ಒಂದು ಸುತ್ತು ಅಂಗಡಿಗೆ ಹೋಗುತ್ತೇನೆ. "ಅಪ್ಪಾಜಿ, ಮತ್ಯಾಕೆ ಬಂದ್ರಿ?" ಎಂದು ಮಗಳು ಕೇಳಿದರೆ ಮನೆಗೆ ಬರುತ್ತೇನೆ. ಮನೆಯಲ್ಲಿ ಹೆಂಡತಿಯೂ ಅದನ್ನೇ ಕೇಳಿದರೆ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತೇನೆ. ದಾರಿಯಲ್ಲಿ ಹಿಟ್ಟಿನ ಗಿರಣಿಯ ಮೋಟರಿನ ಬೇರಿಂಗ್ ಕೀರಲು ದನಿ ತೆಗೆಯುವುದು ಕೇಳಿದರೆ ಕಾಲು ಮುಂದೆ ಹೋಗುವುದಿಲ್ಲ. ಗಿರಣಿಯವನಿಗೆ ಹೇಳಿದರೆ, "ಆಯ್ತು ಬಿಡಿ ಶಿವಣ್ಣ, ನೋಡುವ" ಎನ್ನುತ್ತಾನೆ. ಅವನ ಮೋಟರ್, ಅವನಿಷ್ಟ. ಆದರೂ ಮರುದಿನ ಅದೇ ದಾರಿಯಲ್ಲಿ ಹೋಗಿ ಕಿವಿ ಕೊಡುತ್ತೇನೆ.

ಈಚೆಗೆ ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವವರು ಅಂಗಡಿಯಲ್ಲಿ ನನ್ನನ್ನು ಕಂಡರೆ ಡ್ರೈವ್ ವಿಷಯ ಕೇಳುತ್ತಾರೆ. ಹಳೇ ಮೋಟರಿಗೆ ಡ್ರೈವ್ ಹಾಕುವ ಕೆಲಸ ಈಗ ಎಲ್ಲ ಕಡೆ ಇದೆ. ಕಾಫಿ ಕ್ಯೂರಿಂಗ್‌ನಲ್ಲಿ, ಎಸ್ಟೇಟಿನ ಪಂಪಿನಲ್ಲಿ, ಮರದ ಮಿಲ್ಲಿನಲ್ಲಿ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳುತ್ತೇನೆ. ಲೈನಿನ ಕರೆಂಟನ್ನು ನೇರ ಕೊಟ್ಟರೆ ಮೋಟರ್ ಒಂದೇ ವೇಗದಲ್ಲಿ ತಿರುಗುತ್ತದೆ, ಹೊರಡುವಾಗ ಎಮ್ಮೆ ಹಗ್ಗ ಕಿತ್ತ ಹಾಗೆ ಜಗ್ಗುತ್ತದೆ. ನಡುವೆ ಡ್ರೈವ್ ಎಂಬ ಪೆಟ್ಟಿಗೆ ಇಟ್ಟರೆ ಮೆಲ್ಲಗೆ ಹೊರಡುತ್ತದೆ, ಬೇಕಾದ ವೇಗಕ್ಕೆ ನಿಲ್ಲುತ್ತದೆ. ಇಷ್ಟು ಪುಸ್ತಕದಲ್ಲೂ ಇದೆ. ಪೆಟ್ಟಿಗೆ ಹೊಸದು, ಮೋಟರ್ ನನ್ನ ವಯಸ್ಸಿನದ್ದು, ಅದನ್ನು ನೋಡಿಕೊಳ್ಳುವ ಮನುಷ್ಯನ ಕೈ ಇನ್ನೂ ಹಳೆಯದು. ಈ ಮೂವರನ್ನು ಒಂದು ಕೋಣೆಯಲ್ಲಿ ಕೂಡಿಸಿದಾಗ ಏನೇನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಿದ್ದ. ಸೊಪ್ಪಿನ ವಾಸನೆ ನನಗೆ ಆಗದು, ತಲೆ ಸುತ್ತುತ್ತಿತ್ತು. "ಹಾಗಾದ್ರೆ ಬೇರೆ ಏನಾದ್ರೂ ಕಲಿ, ಕೂತು ತಿನ್ನೋಕೆ ನಾವೇನು ಪಟೇಲ್ರಾ?" ಎಂದು ಅಪ್ಪ ನನ್ನನ್ನು ಗೋವಿಂದ ಮೇಸ್ತ್ರಿಯ ರಿವೈಂಡಿಂಗ್ ಅಂಗಡಿಯಲ್ಲಿ ಬಿಟ್ಟ. ಮೇಸ್ತ್ರಿ ಪುತ್ತೂರಿನ ಕಡೆಯವರು. ಸುಟ್ಟ ಮೋಟರಿನ ಹಳೇ ತಂತಿ ಕಿತ್ತು ಹೊಸ ತಂತಿ ಸುತ್ತುವುದು ಅವರ ಕಸುಬು. ವಾರ್ನಿಷ್ ವಾಸನೆ ಹೊಗೆಸೊಪ್ಪಿಗಿಂತ ಕೆಟ್ಟದ್ದು. ಆದರೆ ಅದಕ್ಕೆ ನನ್ನ ತಲೆ ಸುತ್ತಲಿಲ್ಲ.

ಮೇಸ್ತ್ರಿ ಕಲಿಸಿದ್ದು ಬಾಯಿಯಿಂದ ಕಡಿಮೆ, ಬಿದಿರಿನ ಸೀಳಿನಿಂದ ಜಾಸ್ತಿ. ಸುತ್ತು ತಪ್ಪಿದರೆ ಬೆರಳ ಗಂಟಿನ ಮೇಲೆ ಒಂದು. ಒಂದು ದಿನ ನಾನು ಸುತ್ತಿದ ಮೋಟರಿನಲ್ಲಿ ಒಂದು ಕಾಯಿಲ್ ಸುರುಳಿಯನ್ನು ತಿರುವುಮುರುವು ಜೋಡಿಸಿಬಿಟ್ಟಿದ್ದೆ. ಕರೆಂಟ್ ಕೊಟ್ಟರೆ ಹೊಟ್ಟೆನೋವು ಬಂದವರ ಹಾಗೆ ನರಳುತ್ತಿದೆ, ತಿರುಗುತ್ತಿಲ್ಲ. ಮೇಸ್ತ್ರಿ ಬೀಡಿ ಹಚ್ಚಿ ಕೇಳಿದರು: "ಎಂಥ ಮಾರಾಯ, ಕಿವಿ ಉಂಟಲ್ಲ ನಿಂಗೆ? ಅದು ಎಂಥ ಹೇಳ್ತಾ ಉಂಟು?" ನನಗೆ ಗೊತ್ತಾಗಲಿಲ್ಲ. ಬಿಚ್ಚಿ ಮತ್ತೆ ಸುತ್ತಿಸಿದರು. ಆ ಮೇಲೆ ಮೋಟರಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚುವ ಅಭ್ಯಾಸ ಬಂತು. ಈಗಲೂ ಬಸ್ಸಿನಲ್ಲಿ ಸೀಟಿನ ಕಂಬಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತೇನೆ. ಪಕ್ಕದವರು ನಿದ್ದೆ ಎಂದುಕೊಳ್ಳುತ್ತಾರೆ.

ಮಳೆಗಾಲದ ಪಾಠ ಬೇರೆ. ಕೊಡಗಿನ ಮಳೆಗೆ ಕಬ್ಬಿಣದ ಒಳಗೂ ತೇವ ಇಳಿಯುತ್ತದೆ. ಪಲ್ಪರ್ ಮೋಟರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮೋಟರ್, ಸೀಸನ್ ಮುಗಿದರೆ ಮುಂದಿನ ಸೀಸನ್ನಿನವರೆಗೆ ಸುಮ್ಮನೆ ಕೂತಿರುತ್ತದೆ. ಅದನ್ನು ಗೋಣಿಯಲ್ಲಿ ಸುತ್ತಿ, ಪಕ್ಕದಲ್ಲಿ ಒಂದು ನೂರು ವಾಟಿನ ಬಲ್ಬ್ ಉರಿಸಿ, ಬಾಣಂತಿಯನ್ನು ಬೆಚ್ಚಗಿಟ್ಟ ಹಾಗೆ ಇಡಬೇಕು. ಮಳೆ ನಿಂತು ತುಲಾ ಸಂಕ್ರಮಣ ಕಳೆದ ಮೇಲೆ ಮೆಗ್ಗರ್ ಹಾಕಬೇಕು. ಮೆಗ್ಗರ್ ಎಂದರೆ ಕೈಯಲ್ಲಿ ತಿರುಗಿಸುವ ಹಿಡಿ ಇರುವ ಡಬ್ಬ. ತಿರುಗಿಸಿದರೆ ಜೋರು ವೋಲ್ಟೇಜ್ ಹೊರಡುತ್ತದೆ, ತಂತಿಯ ಕವಚ ಎಲ್ಲಾದರೂ ಸೋತಿದ್ದರೆ ಮುಳ್ಳು ಕೆಳಗೆ ಬೀಳುತ್ತದೆ. ಅದನ್ನು ಮೋಟರಿನ ಬುಡದಲ್ಲಿ ಹಾಕಬಾರದು, ಮೋಟರ್ ಹೊರಡಿಸುವ ಸ್ವಿಚ್ ಪೆಟ್ಟಿಗೆ, ಅಂದರೆ ಸ್ಟಾರ್ಟರಿನ ಹತ್ತಿರ ಹಾಕಬೇಕು ಎಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಮಳೆಗಾಲದಲ್ಲಿ ಪೈಪಿನೊಳಗೆ ಇಲಿ ಸೇರಿ ವೈರು ಕಡಿದಿರುತ್ತದೆ. ಸ್ಟಾರ್ಟರಿನಿಂದ ನೋಡಿದರೆ ಮೋಟರ್ ಜೊತೆ ದಾರಿಯ ವೈರೂ ಪರೀಕ್ಷೆಯಾಗುತ್ತದೆ. ಕುಟ್ಟದಿಂದ ಶನಿವಾರಸಂತೆಯವರೆಗೆ ಮೋಟರ್ ನೋಡುವವರೆಲ್ಲ ಹೀಗೇ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಡ್ರೈವನ್ನು ನಾನು ಮೊದಲು ಕಂಡದ್ದು ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ. ಕಾಫಿ ಒಣಗಿಸುವ ಗಾಳಿಯಂತ್ರದ ಮೋಟರನ್ನು ನಾನೇ ಹಿಂದೆ ಸುತ್ತಿದ್ದೆ. ಮ್ಯಾನೇಜರು ಪೆಟ್ಟಿಗೆ ತರಿಸಿ ಗೋಡೆಗೆ ಹೊಡೆಸಿದ್ದರು. ಗಾಳಿ ಕಡಿಮೆ ಬೇಕಾದಾಗ ವೇಗ ಇಳಿಸುವುದು, ಕರೆಂಟ್ ಉಳಿಸುವುದು. ಉಳಿಯಿತು ಕೂಡ. ಮ್ಯಾನೇಜರಿಗೆ ಖುಷಿ ತಲೆಗೇರಿತು. ಇನ್ನೂ ಇಳಿಸಿ, ಇನ್ನೂ ಇಳಿಸಿ ಎಂದು ಮೋಟರನ್ನು ಎತ್ತಿನ ಗಾಣದ ವೇಗಕ್ಕೆ ತಂದರು. ವಾರ ಕಳೆಯಲಿಲ್ಲ, ನನಗೆ ಕರೆ ಬಂತು. ಹೋಗಿ ಕೈಯಿಟ್ಟರೆ ದೋಸೆ ಕಾವಲಿ. ಮ್ಯಾನೇಜರು ವಾದಕ್ಕೆ ನಿಂತರು. "ನಿಧಾನ ಹೋಗೋ ಮೋಟರ್ ಹೇಗ್ರೀ ಬಿಸಿಯಾಗುತ್ತೆ? ನೀವು ಸುತ್ತಿದ್ದೇ ಸರಿಯಿಲ್ಲ." ನನಗೆ ಮೈ ಉರಿಯಿತು. ಬೇರೆ ಏನಾದರೂ ಅಂದರೆ ಸಹಿಸಿಯೇನು, ನನ್ನ ಸುತ್ತಿನ ಮೇಲೆ ಮಾತು ಬಂದರೆ ಅನ್ನ ಇಳಿಯುವುದಿಲ್ಲ. ಮೋಟರಿನ ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದೆ. ಮೋಟರಿಗೆ ಗಾಳಿ ಹಾಕುವ ಫ್ಯಾನು ಅದರದ್ದೇ ಶಾಫ್ಟಿನ ತುದಿಗಿದೆ. ಮೋಟರ್ ನಿಧಾನವಾದರೆ ಫ್ಯಾನೂ ನಿಧಾನ. ಬೀಸಣಿಗೆಯವನೇ ತೂಕಡಿಸಿದರೆ ಮಲಗಿದವನಿಗೆ ಬೆವರದೆ ಇರುತ್ತದೆಯೇ? ಬೇರೆಯಾಗಿ ಒಂದು ಸಣ್ಣ ಫ್ಯಾನು ಕೂರಿಸಿ, ಇಷ್ಟಕ್ಕಿಂತ ಕೆಳಗೆ ಇಳಿಸಬೇಡಿ ಎಂದು ಪೆಟ್ಟಿಗೆಯಲ್ಲೇ ಕಟ್ಟು ಹಾಕಿಸಿದ ಮೇಲೆ ಸರಿಹೋಯಿತು. ಮ್ಯಾನೇಜರು ಮಾತ್ರ ನನ್ನ ಸುತ್ತಿನ ಬಗ್ಗೆ ಆಡಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ ವರ್ಗವಾಗಿ ಹೋದರು.

ಆ ಮೇಲೆ ನಾನು ಸುಮ್ಮನಿರಲಾರದೆ ಡ್ರೈವ್ ಕಂಪೆನಿಯವರು ಎಲ್ಲಿಗೆ ಬಂದರೂ ಹಿಂದೆ ನಿಂತು ನೋಡತೊಡಗಿದೆ. ಹಳೇ ಸುತ್ತಿನ ಮೋಟರಿಗೆ ಡ್ರೈವಿನ ಕರೆಂಟ್ ಒರಟು, ಸುತ್ತಿನ ಕವಚಕ್ಕೆ ಸಣ್ಣ ಸಣ್ಣ ಏಟು ಕೊಡುತ್ತಲೇ ಇರುತ್ತದೆ. ಅದಕ್ಕೇ ಡ್ರೈವ್ ಹಾಕುವ ಮೊದಲು ಒಳ್ಳೇ ತಂತಿಯಲ್ಲಿ ಸುತ್ತಿ, ವಾರ್ನಿಷ್‌ನಲ್ಲಿ ಎರಡು ಸಲ ಅದ್ದಿ ಒಣಗಿಸಬೇಕು. ಇದು ಖರ್ಚಿನ ಮಾತು, ಯಾರಿಗೂ ಹಿಡಿಸದು. "ಮೋಟರ್ ಓಡ್ತಾ ಇದೆಯಲ್ಲ?" ಎನ್ನುತ್ತಾರೆ. ಓಡುವುದು ನನಗೂ ಕಾಣುತ್ತದೆ. ಇನ್ನು ಡ್ರೈವ್ ಕೂರಿಸುವ ಕಬ್ಬಿಣದ ಪೆಟ್ಟಿಗೆ, ಪ್ಯಾನೆಲಿನ ಜಾಗ. ಬೆಚ್ಚಗಿನ ಪೆಟ್ಟಿಗೆ ಕಂಡರೆ ಹಲ್ಲಿ, ಇರುವೆ ಎಲ್ಲಕ್ಕೂ ಅಲ್ಲೇ ಸಂಸಾರ ಹೂಡುವ ಆಸೆ. ಒಂದು ಕಡೆ ಸತ್ತ ಹಲ್ಲಿಯೊಂದು ಎರಡು ಫೇಸಿನ ತಂತಿಗಳ ನಡುವೆ ಸೇತುವೆಯಾಗಿ ಮಲಗಿತ್ತು. ಪೈಪು ಬರುವ ತೂತನ್ನು ಮೇಣದಿಂದಾದರೂ ಮುಚ್ಚಿ. ಇದನ್ನು ಬರೆಯುವಾಗಲೂ ಎಲ್ಲೋ ಒಂದು ತೂತು ತೆರೆದಿದೆ ಎಂದು ನನಗೆ ಅನ್ನಿಸುತ್ತಿದೆ.

ಇನ್ನು ಬಾಳೆಲೆ ಎಂಬ ಊರಿಗೆ ಬರುತ್ತೇನೆ. ಬರೆಯಲು ಕೂತದ್ದೇ ಇದಕ್ಕೆ, ಸುತ್ತಿ ಬಳಸಿ ಬಂದೆ.

ಬಾಳೆಲೆಯ ಹತ್ತಿರ ಉತ್ತಪ್ಪನವರ ಎಸ್ಟೇಟು. ಮಾತು ಕಡಿಮೆ, ಸಿಟ್ಟು ಬೇಗ. ತೋಟ ಚೊಕ್ಕ. ಕರೆಂಟಿನ ಲೈನ್ ಅಲ್ಲಿಗೆ ಬಂದು ಮುಗಿಯುವುದರಿಂದ ಸಂಜೆ ಪಲ್ಪರ್ ಹೊರಡಿಸಿದರೆ ಬಂಗಲೆಯ ದೀಪಗಳು ಕಣ್ಣು ಮುಚ್ಚುತ್ತಿದ್ದವು, ಬೆಲ್ಟು ಜಾರಿ ಹೊಗೆ ಬರುತ್ತಿತ್ತು. ಡ್ರೈವ್ ಹಾಕಿದರೆ ಮೆಲ್ಲಗೆ ಹೊರಡುತ್ತದೆ, ಹಣ್ಣಿನ ಗಾತ್ರ ನೋಡಿ ವೇಗ ಇಳಿಸಿದರೆ ಬೀಜ ಕತ್ತರಿಸುವುದೂ ತಪ್ಪುತ್ತದೆ ಎಂದು ಯಾರೋ ಹೇಳಿ ಅವರು ಒಪ್ಪಿದ್ದರು. ಪೆಟ್ಟಿಗೆ ಕೊಟ್ಟು ಕೂರಿಸುವುದು ಮೈಸೂರಿನ ಕಂಪೆನಿಯವರದ್ದು, ಮೋಟರ್ ತಯಾರು ಮಾಡುವುದು ನನ್ನದು ಎಂದು ಮಾತಾಯಿತು. ಮೋಟರನ್ನು ಸುಂಟಿಕೊಪ್ಪಕ್ಕೆ ತಂದು ಹೊಸದಾಗಿ ಸುತ್ತಿದೆ. ನಾನು ನಿವೃತ್ತಿಗೆ ಮೊದಲು ಸುತ್ತಿದ ಕೊನೆಯ ದೊಡ್ಡ ಮೋಟರ್ ಅದು. ಒಂದು ಕೂದಲೆಳೆ ಆಚೀಚೆ ಇಲ್ಲದ ಸುತ್ತು, ಹೇಳಿಕೊಳ್ಳುತ್ತೇನೆ.

ಅಲ್ಲಿಯ ಮೋಟರ್ ನೋಡಿಕೊಳ್ಳುವವನು ಬಾಲನ್. ಕುಟ್ಟದ ಕಡೆಯವನು, ಮನೆಮಾತು ಮಲಯಾಳ. ಅಪ್ಪ ಇದೇ ತೋಟದಲ್ಲಿ ಕೆಲಸ ಮಾಡಿದವನು. ಹೆಂಡತಿ ಇಲ್ಲೇ ಹಣ್ಣು ಕುಯ್ಯುತ್ತಾಳೆ, ಅತ್ತೆಯೂ ಜೊತೆಗಿದ್ದಾಳೆ, ಮೂವರಿಗೂ ತೋಟದ ಆಳುಗಳಿಗೆ ಕೊಡುವ ಲೈನ್ ಮನೆಯಲ್ಲಿ ವಾಸ. ಕೆಲಸ ಇದ್ದರೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ಬಾಲನ್ ನನಗಿಂತ ಹದಿನೈದು ವರ್ಷ ಚಿಕ್ಕವನಾದರೂ ಜಂಬದಲ್ಲಿ ಸಮ. ನಾನು ಬೋಲ್ಟ್ ಬಿಗಿ ಮಾಡಿ ಹೋದ ಮೇಲೆ ತಾನೊಮ್ಮೆ ಸ್ಪ್ಯಾನರ್ ಹಾಕಿ ನೋಡುವವನು. ಸಿಟ್ಟು ಬಂದು ಕೇಳಿದರೆ, "ನೀವು ಸುಂಟಿಕೊಪ್ಪಕ್ಕೆ ಹೋಗ್ತೀರಿ ಅಣ್ಣಾ, ಇದರ ಜೊತೆ ಇರೋದು ನಾನು" ಎನ್ನುತ್ತಿದ್ದ.

ಮೊದಲ ಸೀಸನ್ ಸುಸೂತ್ರವಾಗಿ ಕಳೆಯಿತು. ಮೋಟರ್ ಹೊರಡುವುದು ದೇವರ ಕೋಣೆಯ ಬಾಗಿಲು ತೆರೆದ ಹಾಗೆ, ಸದ್ದೇ ಇಲ್ಲ. ಬಾಲನಿಗೆ ಮಾತ್ರ ಡ್ರೈವಿನ ಸಣ್ಣ ಶಿಳ್ಳೆ ಸರಿಹೋಗಲಿಲ್ಲ. ಸೊಳ್ಳೆ ಕಿವಿಯೊಳಗೆ ಹೊಕ್ಕ ಹಾಗಾಗುತ್ತೆ ಎನ್ನುತ್ತಿದ್ದ. ಆ ವರ್ಷ ನಾನು ಅಂಗಡಿ ಬಿಟ್ಟೆ. ಬಿಟ್ಟ ಮೇಲೆ ಏನು ಮಾಡುವುದೆಂದು ತಿಳಿಯದೆ ಮನೆಯ ಪಂಪನ್ನು ಎರಡು ಸಲ ಬಿಚ್ಚಿ ಜೋಡಿಸಿದೆ.

ಮುಂದಿನ ವರ್ಷ ಮಳೆ ಮುಗಿದು, ಸಂಜೆ ಹೊತ್ತು ಗುಡುಗು ಮಿಂಚು ಬರುವ ದಿನಗಳು. ಉತ್ತಪ್ಪನವರು ಫೋನ್ ಮಾಡಿದರು. ಡ್ರೈವ್ ಸತ್ತಿದೆ. ಸಿಡಿಲಿಗೆ ಹೋಗಿದೆ. ನಾಳೆ ಮೊದಲ ಕುಯ್ಲು, ಜನ ಗೊತ್ತು ಮಾಡಿ ಆಗಿದೆ. ಕಂಪೆನಿಯವರಿಗೂ ಹೇಳಿದ್ದೇನೆ, ನೀವು ಬನ್ನಿ. ಅಷ್ಟೇ ಮಾತು. ಕುಯ್ದ ಹಣ್ಣನ್ನು ಆವತ್ತೇ ಪಲ್ಪರಿಗೆ ಹಾಕಬೇಕು, ರಾಶಿಯಲ್ಲಿ ಬಿಟ್ಟರೆ ಕಾವು ಏರಿ ಹುಳಿಯಾಗುತ್ತದೆ, ವರ್ಷದ ಅರೇಬಿಕಾ ಕಾಫಿಯ ಹೆಸರೇ ಕೆಡುತ್ತದೆ.

ಮರುದಿನ ಬೆಳಿಗ್ಗೆ ಅಂಗಡಿಯಿಂದ ಒಂದು ಹಳೇ ಸ್ಟಾರ್ಟರ್ ಎತ್ತಿಕೊಂಡು ಬಾಡಿಗೆ ಜೀಪಿನಲ್ಲಿ ಹೊರಟೆ. ಸಿದ್ದಾಪುರ ದಾಟುವವರೆಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಡ್ರೈವ್ ಹೋಗಿದ್ದು ಸಿಡಿಲಿಗೋ, ಮೋಟರ್ ಒಳಗೆ ಏನಾದರೂ ಆಯಿತೋ? ನನ್ನ ಸುತ್ತು ಸೋತು ಡ್ರೈವನ್ನು ಎಳೆದುಕೊಂಡು ಹೋಯಿತೋ? ಗೋಣಿಕೊಪ್ಪದಲ್ಲಿ ಡ್ರೈವರ್ ಟೀ ಕುಡಿಯೋಣ ಎಂದರೆ ಬೇಡ ಎಂದೆ. ಅವನು ಮುಖ ಊದಿಸಿಕೊಂಡ.

ಪಲ್ಪರ್ ಮನೆಗೆ ಇಳಿದ ಕೂಡಲೇ ಬಾಲನಿಗೆ ಕೇಳಿದ್ದು ಮೋಟರಿನ ಬಗ್ಗೆ. "ಮೋಟರಿಗೆ ಎಂತ ಆಗಿಲ್ಲ ಅಣ್ಣಾ, ನಾನು ನೋಡಿದ್ದೇನೆ" ಎಂದ. ಆದರೂ ಮೋಟರಿನ ಮೇಲೆ ಕೈಯಿಟ್ಟು, ಶಾಫ್ಟ್ ತಿರುಗಿಸಿ ನೋಡಿದೆ. ನಿರಾಳವಾಯಿತು, ಆದರೆ ಪೂರ್ತಿ ಆಗಲಿಲ್ಲ. ಡ್ರೈವಿನ ಪರದೆ ಕಪ್ಪು.

ಮಧ್ಯಾಹ್ನದ ಹೊತ್ತಿಗೆ ಮೈಸೂರಿನಿಂದ ಕಂಪೆನಿಯ ಇಂಜಿನಿಯರ್ ಬಂದಳು. ರಮ್ಯ ಎಂದು ಹೆಸರು. ನನ್ನನ್ನು ಅಂಕಲ್ ಎಂದು ಕರೆದಳು, ಸಹಿಸಿಕೊಂಡೆ. ಬಂದವಳೇ ನೀರೂ ಕೇಳದೆ ಮುಚ್ಚಳ ಬಿಚ್ಚಿ, ಮೀಟರ್ ಹಿಡಿದು ಒಂದೊಂದೇ ಕಡೆ ಮುಟ್ಟಿಸಿ ನೋಡಿದಳು. ಕೆಲಸದ ಕೈ ಎಂದು ಕೂಡಲೇ ಗೊತ್ತಾಯಿತು. ಉತ್ತಪ್ಪನವರು ಬಾಗಿಲಲ್ಲಿ ನಿಂತಿದ್ದರು.

"ಲೈನ್ ಒಳಗೆ ಬರೋ ಕಡೆ ಸರಿಯಾಗಿದೆ ಸರ್" ಎಂದಳು. "ಮೋಟರಿಗೆ ಹೋಗೋ ಕಡೆ ಸುಟ್ಟಿದೆ. ಸಿಡಿಲಾದ್ರೆ ಸಾಮಾನ್ಯ ಹೀಗಾಗಲ್ಲ. ಗುಡುಗೋವಾಗ ಮೇನ್ ಆನ್ ಇತ್ತಾ?"

"ಇದ್ದಿರ್ಬೇಕು" ಎಂದರು ಉತ್ತಪ್ಪನವರು. "ಇಲ್ಲದೆ ಮತ್ತೆ ಹೇಗೆ ಹೋಗುತ್ತೆ?"

ಬಾಲನ್ ಸುಮ್ಮನಿದ್ದರೆ ಮುಗಿಯುತ್ತಿತ್ತು. ಸಿಡಿಲು ಎಂದು ಎಲ್ಲರೂ ಒಪ್ಪಿ ಆಗಿತ್ತು, ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಆದರೆ ಗುಡುಗು ಕೇಳಿದ ಕೂಡಲೇ ಮೇನ್ ಸ್ವಿಚ್ ಇಳಿಸುವುದು ನಮ್ಮ ಕಡೆ ಮೋಟರಿನವನ ಮೊದಲ ಧರ್ಮ. ಇಳಿಸದೆ ಬಿಟ್ಟ ಎಂದರೆ ಅವನು ಹೆಂಡತಿಯ ಮುಂದೆ ತಲೆಯೆತ್ತಿ ಊಟಕ್ಕೆ ಕೂರುವ ಹಾಗಿಲ್ಲ.

"ಆನ್ ಇರ್ಲಿಲ್ಲ" ಎಂದ ಬಾಲನ್. ದನಿ ಏರಿತ್ತು. "ಇಷ್ಟು ವರ್ಷದಲ್ಲಿ ಗುಡುಗಿಗೆ ನಾನು ಮೇನ್ ಇಳಿಸ್ದೆ ಇದ್ದದ್ದು ಒಂದು ಸಲ ನೋಡಿದ್ದೀರಾ ಸಾರ್? ಮೇನ್ ಇಳಿಸಿದ್ದೆ. ಬಲ್ಬ್ ಇಟ್ಟಿದ್ದೆ. ಮೆಗ್ಗರ್ ಹಾಕಿದ್ದೆ, ಮುಳ್ಳು ಪೂರ್ತಿ ಮೇಲೆ ನಿಂತಿತ್ತು. ಮಾಡೋದೆಲ್ಲ ಮಾಡಿದ್ದೆ."

ರಮ್ಯ ಮೀಟರ್ ಕೆಳಗಿಟ್ಟಳು. "ಮೆಗ್ಗರ್ ಎಲ್ಲಿ ಹಾಕಿದ್ರಿ?"

"ಇಲ್ಲಿ." ಡ್ರೈವಿನ ಕೆಳಗೆ ಮೋಟರಿನ ವೈರು ಬಂದು ಸೇರುವ ಜಾಗಕ್ಕೆ ಬೆರಳಿಟ್ಟ.

"ವೈರ್ ಬಿಚ್ಚಿದ್ರಾ?"

"ಎಂತಕ್ಕೆ? ಸ್ಟಾರ್ಟರಲ್ಲಿ ಯಾವತ್ತೂ ಬಿಚ್ಚಿಲ್ಲ."

ಅವಳು ನಮ್ಮಿಬ್ಬರ ಮುಖ ನೋಡಿದಳು. ಬೈಯಲಿಲ್ಲ, ನಗಲಿಲ್ಲ. ಸ್ಟಾರ್ಟರ್ ಆಫ್ ಇದ್ದಾಗ ಒಳಗೆ ಸಂಪರ್ಕ ತುಂಡಾಗಿ ಅಂತರ ಇರುತ್ತದೆ, ಮೆಗ್ಗರಿನ ವೋಲ್ಟೇಜ್ ಮೋಟರಿನ ಕಡೆಗೆ ಮಾತ್ರ ಹೋಗುತ್ತದೆ. ಡ್ರೈವಿನಲ್ಲಿ ಆ ಅಂತರವಿಲ್ಲ, ಒಳಗಿನ ನಾಜೂಕು ಸಾಮಾನು ಮೋಟರಿನ ವೈರಿಗೆ ಸದಾ ಅಂಟಿಕೊಂಡಿರುತ್ತದೆ. ಹೊರಗಿನ ವೈರು ಬಿಚ್ಚದೆ ಮೆಗ್ಗರ್ ತಿರುಗಿಸಿದರೆ ಆ ವೋಲ್ಟೇಜ್ ಹಿಂದಕ್ಕೂ ಹೋಗಿ ಅದನ್ನು ಕೊಲ್ಲುತ್ತದೆ. ಇದನ್ನು ಸರಳವಾಗಿ ಹೇಳಿದಳು. ಪ್ಯಾನೆಲಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲೂ ಇತ್ತು, ಇಂಗ್ಲಿಷಿನಲ್ಲಿ. ಹೀಗಾದರೆ ಕಂಪೆನಿ ಬದಲಿ ಕೊಡುವುದಿಲ್ಲ ಎಂದೂ ಹೇಳಿದಳು.

ಆ ದಿನದವರೆಗೆ ನನಗೂ ಅದು ಗೊತ್ತಿರಲಿಲ್ಲ. ಬಾಲನ ಜಾಗದಲ್ಲಿ ನಾನಿದ್ದಿದ್ದರೆ ಅದೇ ಜಾಗಕ್ಕೆ ಮೆಗ್ಗರ್ ಹಿಡಿದು ತಿರುಗಿಸುತ್ತಿದ್ದೆ, ಮುಳ್ಳು ಮೇಲೆ ನಿಂತದ್ದು ಕಂಡು ಬೀಗುತ್ತಿದ್ದೆ.

ಉತ್ತಪ್ಪನವರು ಕೂಗಾಡಲಿಲ್ಲ. ಅದೇ ಹೆದರಿಕೆ. ಪ್ಯಾನೆಲಿನ ಬಾಗಿಲು ಹಾಕಿ ಕೀಲಿ ತೆಗೆದು ಕೈಯಲ್ಲಿ ಹಿಡಿದರು. "ಇನ್ನು ನೀನು ಇದನ್ನು ತೆರೆಯೋ ಹಾಗಿಲ್ಲ. ಕೀಲಿ ಬಂಗಲೆಯಲ್ಲಿರುತ್ತೆ. ಹಸಿರು ಬಟನ್ ಒತ್ತು, ಕೆಂಪು ಬಟನ್ ಒತ್ತು, ಅಷ್ಟು ಸಾಕು ನಿನಗೆ."

ಬಾಲನ್ ಮೂಲೆಗೆ ಹೋಗಿ ಚರ್ಮದ ಚೀಲದಲ್ಲಿದ್ದ ಮೆಗ್ಗರ್ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟ. "ಅರ್ಧ ಮೋಟರ್ ನಾನು ನೋಡಲ್ಲ ಸಾರ್."

"ಹಾಗಾದ್ರೆ ಲೈನ್ ಮನೆ ಖಾಲಿ ಮಾಡು."

"ಮಾಡ್ತೇನೆ. ಇವತ್ತಿನ ಹಣ್ಣು ಮುಗಿಸಿ ಮಾಡ್ತೇನೆ."

ತೋಟದ ಒಳಗಿಂದ ಟ್ರ್ಯಾಕ್ಟರ್ ಬರುವ ಸದ್ದು ಕೇಳುತ್ತಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಲನ ಹತ್ತಿರ ಹೋಗಿ, ಹೆಂಡತಿ ಅತ್ತೆಯನ್ನು ಕಟ್ಟಿಕೊಂಡು ಸೀಸನ್ ಸುರುವಿನಲ್ಲಿ ಎಲ್ಲಿಗೆ ಹೋಗುತ್ತಿ, ಒಂದು ಮಾತು ತಗ್ಗಿ ಹೇಳು ಎಂದೆ. ಅವನು, ಸ್ಟಾರ್ಟರ್ ಎಲ್ಲಿ ಕೂರಿಸುವುದು ಎಂದು ಕೇಳಿದ. ಉತ್ತಪ್ಪನವರ ಹತ್ತಿರ ಹೋದೆ. ಮೂವತ್ತು ವರ್ಷ ಅವರ ಮೋಟರ್ ಸುತ್ತಿದ್ದೇನೆ, ಎದುರು ಮಾತಾಡಿದವನಲ್ಲ.

"ಸಾರ್, ನಾನಾಗಿದ್ರೂ ಅಲ್ಲೇ ಹಾಕ್ತಿದ್ದೆ. ಕೊಡಗಲ್ಲಿ ಕೆಲಸ ಗೊತ್ತಿರೋ ಯಾವನಾದ್ರೂ ಅಲ್ಲೇ ಹಾಕ್ತಿದ್ದ. ಮೆಗ್ಗರ್ ಹಾಕ್ದೆ ಬಿಡೋ ಸೋಮಾರಿ ಆಗಿದ್ರೆ ನಿಮ್ಮ ಡ್ರೈವ್ ಉಳೀತಿತ್ತು. ಅಂಥವನು ಬೇಕಾ ನಿಮಗೆ?"

"ನಿಮ್ಮ ಹತ್ರ ಕೇಳಿಲ್ಲ ಶಿವಣ್ಣ" ಎಂದರು. ಸರಿ ಎಂದು ಬಂದು ಸ್ಟಾರ್ಟರಿಗೆ ಮೊಳೆ ಹೊಡೆದೆ. ಸಿಟ್ಟಿಗೆ ಮೊದಲ ಏಟು ಹೆಬ್ಬೆರಳಿಗೆ ಬಿತ್ತು.

ಡ್ರೈವ್ ಬರುವ ಮೊದಲಿನ ಸ್ಟಾರ್ಟರಿನ ಹಳೇ ವೈರುಗಳು ಪೈಪಿನಲ್ಲೇ ಉಳಿದಿದ್ದವು. ಅವುಗಳನ್ನು ಸ್ಟಾರ್ಟರಿಗೆ ಕೂಡಿಸಬೇಕು. ವರ್ಷದಿಂದ ಬಳಸದ ವೈರು, ಇಲಿ ಕಡಿದಿದ್ದರೆ? ಬಾಲನ ಕೈ ತಾನಾಗಿ ಕಿಟಕಿಯ ಕಟ್ಟೆಯ ಕಡೆ ಹೋಗಿ ಅರ್ಧಕ್ಕೆ ನಿಂತಿತು. ರಮ್ಯ ಅದನ್ನು ನೋಡಿದಳು. ಮೆಗ್ಗರ್ ಎತ್ತಿ ಅವನ ಕೈಗೇ ಕೊಟ್ಟು, "ಮೊದಲು ಡ್ರೈವಿಂದ ಮೋಟರ್ ವೈರ್ ಬಿಚ್ಚಿ. ಇನ್ನು ಮೇಲೆ ಯಾವಾಗಲೂ ಹೀಗೇ" ಎಂದಳು. ಪ್ಯಾನೆಲಿಗೆ ಬೀಗ ಹಾಕಿತ್ತು. ಎಲ್ಲರೂ ಉತ್ತಪ್ಪನವರ ಕೈ ನೋಡಿದೆವು. ಅವರು ಬಂದು ತಾವೇ ಪ್ಯಾನೆಲ್ ತೆರೆದು ಮತ್ತೆ ಪಲ್ಪರ್ ಮನೆಯ ಬಾಗಿಲಿಗೆ ಹೋಗಿ ನಿಂತರು.

ಬಾಲನ್ ಮೂರು ಸ್ಕ್ರೂ ಬಿಚ್ಚಿ ಮೂರು ವೈರನ್ನೂ ಹೊರಗೆ ಬಾಗಿಸಿ, ಅವಳು ಹೇಳುವ ಮೊದಲೇ ಡ್ರೈವಿನ ಬಾಯಿಗೆ ಒಣ ಬಟ್ಟೆ ತುರುಕಿದ. "ಬಟ್ಟೆ ಬೇಡ" ಎಂದಳು. "ಇಲಿಗೆ" ಎಂದ. ಅವಳು ಮೊದಲ ಸಲ ನಕ್ಕಳು. ಹಳೇ ವೈರುಗಳನ್ನು ಮೋಟರಿಗೆ ಕೂಡಿಸಿ, ಸ್ಟಾರ್ಟರಿನ ತುದಿಯಿಂದ ಹಿಡಿ ತಿರುಗಿಸಿದ. ಒಂದು ವೈರಿನಲ್ಲಿ ಮುಳ್ಳು ಕೆಳಗೆ ಬಿತ್ತು. ಮೋಟರಿನಿಂದ ಬಿಚ್ಚಿ ಮತ್ತೆ ನೋಡಿದ, ಆಗಲೂ ಬಿತ್ತು. ಇಲಿಯದ್ದೇ ಕೆಲಸ. ಆ ವೈರು ಎಳೆದು ಬೇರೆ ಹಾಕಿದೆವು. ಹಾಗೇ ಕರೆಂಟ್ ಕೊಟ್ಟಿದ್ದರೆ ಮೋಟರಿನ ಜೊತೆ ಮುಟ್ಟಿದವನೂ ಹೋಗುತ್ತಿದ್ದ. ಉತ್ತಪ್ಪನವರು ಎಲ್ಲವನ್ನೂ ನೋಡುತ್ತ ನಿಂತಿದ್ದರು. ಬಂಗಲೆಗೆ ಹೋಗಲಿಲ್ಲ.

ಹಣ್ಣು ಬಂದು ರಾಶಿ ಬಿತ್ತು. ಕುಯ್ದ ಹೆಂಗಸರು ಅಳತೆ ಕೊಡಲು ನಿಂತಿದ್ದರು. ಬಾಲನ ಹೆಂಡತಿಯೂ ಅವರ ನಡುವೆ ಇದ್ದಳು. ಅಷ್ಟರಲ್ಲಿ ಅವಳಿಗೆ ಸುದ್ದಿ ಹೋಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಚೀಲ ಇಳಿಸಿ ಗಂಡನ ಕಡೆ ಒಮ್ಮೆ ನೋಡಿದಳು. ಅವನು ಬೆಲ್ಟು ಹಾಕುತ್ತಿದ್ದ, ತಿರುಗಿ ನೋಡಲಿಲ್ಲ. ಸ್ಟಾರ್ಟರಿನ ಹಿಡಿ ಎತ್ತಿದಾಗ ಮೋಟರ್ ಹಿಂದಿನ ಕಾಲದ ಹಾಗೆ ಜಗ್ಗಿ ಹೊರಟಿತು, ಬಂಗಲೆಯ ದೀಪ ಮಂಕಾಯಿತು. ಹಣ್ಣು ಇಳಿಯತೊಡಗಿತು.

ಕತ್ತಲಾಗುವ ಹೊತ್ತಿಗೆ ರಾಶಿ ಮುಗಿಯಿತು. ರಮ್ಯ ಆಗಲೇ ಹೊರಟಿದ್ದಳು. ಹೋಗುವ ಮೊದಲು ಬಾಗಿಲಿನ ಚೀಟಿಯ ಕೆಳಗೆ ಅದನ್ನೇ ಕನ್ನಡದಲ್ಲಿ ಎರಡು ಸಾಲು ಬರೆದಿದ್ದಳು. ಜೀಪಿನವನು ಹಾರ್ನ್ ಹಾಕುತ್ತಿದ್ದ. ನಾನು ಹೋಗಬೇಕು, ಹೋಗಲು ಮನಸ್ಸಿಲ್ಲ. ಬಾಲನ ಮನೆಯವರನ್ನು ಇದೇ ಜೀಪಿನಲ್ಲಿ ಕರೆದುಕೊಂಡು ಹೋಗುವುದೇ, ಸುಂಟಿಕೊಪ್ಪದಲ್ಲಿ ಮಗಳ ಕೈಕೆಳಗೆ ಇವನು ನಿಲ್ಲುತ್ತಾನೆಯೇ ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ.

ಉತ್ತಪ್ಪನವರು ಒಳಗೆ ಬಂದರು. ಕೈಯಲ್ಲಿದ್ದ ಕೀಲಿಯನ್ನು ಪ್ಯಾನೆಲಿನ ಪಕ್ಕದ ಮೊಳೆಗೆ ತೂಗುಹಾಕಿದರು. ಯಾರನ್ನೂ ನೋಡದೆ, "ನಾಳೆ ಇವತ್ತಿಗಿಂತ ಜಾಸ್ತಿ ಹಣ್ಣು ಬರುತ್ತೆ" ಎಂದು ಹೇಳಿ ಬಂಗಲೆಯ ದಾರಿ ಹಿಡಿದರು.

ಬಾಲನ್ ಕೀಲಿಯ ಕಡೆ ನೋಡಲಿಲ್ಲ. ಪಲ್ಪರಿಗೆ ನೀರು ಬಿಟ್ಟು ತೊಳೆದ. ಬೆಲ್ಟು ಸಡಿಲ ಮಾಡಿದ. ಮೇನ್ ಇಳಿಸಿದ. ಮೋಟರಿಗೆ ಗೋಣಿ ಹೊದೆಸಿ, ಮೆಗ್ಗರನ್ನು ಚೀಲಕ್ಕೆ ಹಾಕಿ ಮೂಲೆಯಲ್ಲಿಟ್ಟ. ಆ ಮೇಲೆ ಎರಡೂ ಕೈಯನ್ನು ಲುಂಗಿಗೆ ಒರೆಸಿ, ಮೊಳೆಯಿಂದ ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

"ಹೊಸ ಡ್ರೈವ್ ಬರೋವರೆಗೆ ನಿಮ್ಮ ಸ್ಟಾರ್ಟರ್ ಇಲ್ಲೇ ಇರ್ಲಿ ಅಣ್ಣಾ" ಎಂದ. "ಕಾಂಟ್ಯಾಕ್ಟ್ ಎಲ್ಲ ಕಪ್ಪಾಗಿದೆ, ತಿಕ್ಕಿ ಕೊಡ್ತೇನೆ. ಇಂಥದ್ದು ಅಂಗಡಿಯಲ್ಲಿ ಇಟ್ಕೊಂಡು ನೀವು ಹೇಗೆ ರಿಟೈರ್ ಆದ್ರಿ?"